ಮಾವನ ಹರಳೆಣ್ಣೆ, ಅಳಿಯನ ಮೊಬೈಲ್ ಲ್ಯಾಬು

“ಮೊಬೈಲಲ್ಲಿ ಲ್ಯಾಬಂತೆ, ಲ್ಯಾಬು! ಬರಲಿ ಸಾರ್, ನೋಡೇ ಬಿಡ್ತೀನಿ. ತೊಂಬತ್ತಕ್ಕೆ ಒಂದೇ ಒಂದು ಮಾರ್ಕು ಕಡಿಮೆ ಬಂದ್ರೂ ನನ್ನ ಹೆಸರು ನರೇಂದ್ರ ಅಲ್ಲ!”

ಗೌರಿಬಿದನೂರಿನ ಒಂದು ಖಾಸಗಿ ಐಟಿಐನ ಸ್ಟಾಫ್ ರೂಮಿನಲ್ಲಿ, ಕೈಯಲ್ಲಿ ಅರ್ಧ ಲೋಟ ಟೀ ಹಿಡಿದು, ಪ್ರಿನ್ಸಿಪಾಲ್ ರಮೇಶ್‌ಬಾಬು ಅವರ ಮುಂದೆ ಈ ಭೀಷ್ಮ ಪ್ರತಿಜ್ಞೆ ಮಾಡಿದಾಗ ನರೇಂದ್ರನಿಗೆ ನಲವತ್ತಾರು ವರ್ಷ. ಬುದ್ಧಿ ಬರಬೇಕಾದ ವಯಸ್ಸೇ. ಆದರೆ ಹದಿನೆಂಟು ವರ್ಷದಿಂದ ಎಲೆಕ್ಟ್ರಿಷಿಯನ್ ಹುಡುಗರಿಗೆ ಮೋಟಾರು ಬಿಚ್ಚುವುದು, ಕಟ್ಟುವುದು ಹೇಳಿಕೊಟ್ಟ ಮೇಷ್ಟರಿಗೆ ಬುದ್ಧಿ ಹೊರಗಿನಿಂದ ಬರುವ ಅಗತ್ಯವೇನಿದೆ, ಹೇಳಿ!

ವಿಷಯ ಇಷ್ಟೇ. ಆ ವರ್ಷ ಕಾಲೇಜಿಗೆ ಸೋಲಾರ್ ಪಂಪು, ರಿಮೋಟ್ ಸ್ಟಾರ್ಟರು ಎಂಬ ಹೊಸ ಪಾಠ ಬಂದಿತ್ತು. ಪಾಠ ಮಾಡುವವರು ಮೊದಲು ತಾವೇ ಆನ್‌ಲೈನ್ ತರಬೇತಿ ಮುಗಿಸಬೇಕು. ಮೊಬೈಲಿನಲ್ಲೇ ಲ್ಯಾಬು, ಮೊಬೈಲಿನಲ್ಲೇ ಅಭ್ಯಾಸ ಪರೀಕ್ಷೆ, ಕೊನೆಗೆ ಮೊಬೈಲಿನಲ್ಲೇ ನಿಜವಾದ ಪರೀಕ್ಷೆ. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಗಡುವು ಭಾನುವಾರ ಸಂಜೆ ಐದು ಗಂಟೆ. ಪಾಸಾಗದವರು ವರ್ಕ್‌ಶಾಪಿನ ಬೀಗದ ಕೈಯನ್ನು ಪಾಸಾದವರಿಗೆ ಒಪ್ಪಿಸಬೇಕು.

ಬೀಗದ ಕೈ! ಅಲ್ಲಿತ್ತು ನೋಡಿ ನರೇಂದ್ರನ ಜೀವ. ಹದಿನೆಂಟು ವರ್ಷದಿಂದ ಆ ಗೊಂಚಲು ಅವನ ಬೆಲ್ಟಿಗೆ ನೇತಾಡುತ್ತಿತ್ತು. ಅದು ಘಲ್ ಎಂದರೆ ಸಾಕು, ಒಳಗಿದ್ದ ಹುಡುಗರು ಮೊಬೈಲು ಜೇಬಿಗಿಟ್ಟು ಸ್ಪ್ಯಾನರು ಹಿಡಿಯುತ್ತಿದ್ದರು. ಮದುವೆಮನೆಗೆ ಹೋದರೂ ಅದನ್ನು ಕಳಚುತ್ತಿರಲಿಲ್ಲ. “ನನ್ ತಾಳೀನಾದ್ರೂ ಸ್ನಾನಕ್ಕೆ ಹೋಗೋವಾಗ ತೆಗ್ದಿಡ್ತೀನಿ, ನೀವು ಅದನ್ನ ತೆಗೆಯಲ್ವಲ್ರೀ!” ಎಂದು ಹೆಂಡತಿ ಮಾಲಾ ಆಡಿಕೊಳ್ಳುತ್ತಿದ್ದಳು. ಅಂಥ ಗೊಂಚಲು ಕೈಬಿಡುವುದೆಂದರೆ ನರೇಂದ್ರನ ಪಾಲಿಗೆ ರಾಜ್ಯ ಹೋದ ಹಾಗೆಯೇ.

“ಸರ್, ನಾನು ಹೋದ ವಾರವೇ ಮುಗಿಸ್ಬಿಟ್ಟೆ” ಎಂದಳು ಹರಿತಾ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಮೇಡಂ. ದಿನಾ ತೊಂಡೇಬಾವಿಯಿಂದ ರೈಲಿನಲ್ಲಿ ಬರುವವಳು. “ಟ್ರೈನಲ್ಲೇ ಮಾಡ್ದೆ ಸರ್, ಲ್ಯಾಬು. ತೊಂಬತ್ತೆರಡು ಬಂತು.”

“ಟ್ರೈನಲ್ಲಾ?”

“ಹೂಂ ಸರ್. ಸೀಟ್ ಸಿಕ್ಕಿರ್ಲಿಲ್ಲ, ನಿಂತ್ಕೊಂಡೇ ಮಾಡ್ದೆ.”

ನರೇಂದ್ರನಿಗೆ ಟೀ ನೆತ್ತಿಗೇರಿತು. ಹರಿತಾ ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಮಾತು ಸೇರಿಸಿದಳು. “ಸರ್, ಶುರು ಮಾಡೋ ಮುಂಚೆ ಬೇರೆ ಆ್ಯಪ್‌ಗಳ ನೋಟಿಫಿಕೇಶನ್ ಎಲ್ಲ ಆಫ್ ಮಾಡ್ಕೊಂಡ್ಬಿಡಿ. ಮಧ್ಯದಲ್ಲಿ ಬಂದು ತಲೆ ಕೆಡಿಸ್ತವೆ.”

“ಏನಮ್ಮಾ, ನನಗೇ ಹೇಳ್ಕೊಡ್ತೀಯಾ? ನೀನು ಅಂಗನವಾಡೀಲಿ ಉಪ್ಪಿಟ್ಟು ತಿಂತಿದ್ದಾಗ ನಾನು ಮೋಟರ್ ಕಾಯಿಲ್ ಸುತ್ತುತಾ ಇದ್ದೆ!”

ಹರಿತಾ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದಳು. ಅವಳ ಆ ಒಂದು ಮಾತನ್ನು ನರೇಂದ್ರ ಕೇಳಿಸಿಕೊಂಡಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಮಾವನ ಕಣ್ಣೂ ಉರಿಯುತ್ತಿರಲಿಲ್ಲ.

ಮಾವನ ಕಣ್ಣು ಎಲ್ಲಿಂದ ಬಂತು ಅಂದಿರಾ? ಅದಕ್ಕೆ ಈ ಕಥೆಯ ಎರಡನೇ ಮೋಟಾರಿನ ಪರಿಚಯ ಆಗಬೇಕು.

ನರೇಂದ್ರನ ಮಾವ ಆವಲಪ್ಪನವರಿಗೆ ಮಂಚೇನಹಳ್ಳಿ ಪಕ್ಕದಲ್ಲೇ ಎರಡೂವರೆ ಎಕರೆ ತೋಟ. ಹಿಪ್ಪುನೇರಳೆ, ಒಂದು ಅಂಚಿಗೆ ಚೆಂಡುಹೂ, ನಡುವೆ ಏಳೂವರೆ ಎಚ್‌ಪಿ ಬೋರ್‌ವೆಲ್. ಹೋದ ಯುಗಾದಿಗೆ ಅಳಿಯರಾಯರು ಪಂಚೆ ಶಲ್ಯ ತರುವ ಬದಲು ಒಂದು ಮೊಬೈಲ್ ಸ್ಟಾರ್ಟರ್ ತಂದು ಕೂರಿಸಿದ್ದರು. ಸಿಮ್ ಹಾಕಿದ ಪೆಟ್ಟಿಗೆ ಅದು. ಫೋನಿನ ಆ್ಯಪಿನಲ್ಲಿ ಹಸಿರು ಗುಂಡಿ ಒತ್ತಿದರೆ ನೀವು ಕಾಶಿಯಲ್ಲಿದ್ದರೂ ತೋಟದ ಮೋಟಾರು ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. “ಇನ್ಮೇಲೆ ಮೋಟ್ರು ಹಾಕೋಕೆ ನೀವು ತೋಟಕ್ಕೆ ಹೋಗೋದೇ ಬೇಡ ಮಾವಾ! ಮನೇಲಿ ಕಾಲು ಚಾಚ್ಕೊಂಡು ಕೂತ್ಕೊಳ್ಳಿ” ಎಂದು ನರೇಂದ್ರ ಬೀಗಿದ್ದ.

ಆದರೆ ಆವಲಪ್ಪನವರ ಹತ್ತಿರ ಇದ್ದದ್ದು ಹಳೇ ಗುಂಡಿ ಫೋನು. ಆ್ಯಪು ನರೇಂದ್ರನ ಮೊಬೈಲಿನಲ್ಲೇ ಉಳಿಯಿತು. ಹಾಗಾಗಿ ಹೊಸದೊಂದು ಪದ್ಧತಿ ಹುಟ್ಟಿಕೊಂಡಿತು. ಆವಲಪ್ಪನವರು ಎಂದಿನಂತೆ ತೋಟಕ್ಕೆ ನಡೆದು ಹೋಗಿ, ಸ್ಟಾರ್ಟರ್ ಪೆಟ್ಟಿಗೆಯಿಂದ ಮೂರು ಮಾರು ದೂರದಲ್ಲಿ ನಿಂತು, ಹದಿನೈದು ಕಿಲೋಮೀಟರ್ ಆಚೆಯ ಗೌರಿಬಿದನೂರಿಗೆ ಫೋನು ಮಾಡುವುದು. “ಅಳಿಯಂದ್ರೇ, ಮೋಟ್ರು ಹಾಕ್ರಿ.” ನರೇಂದ್ರ ಪಾಠ ನಿಲ್ಲಿಸಿ ಹಸಿರು ಒತ್ತುವುದು. ಎರಡು ಗಂಟೆಯ ಮೇಲೆ ಮತ್ತೆ ಫೋನು. “ಸಾಕು ಅಳಿಯಂದ್ರೇ, ಆರಿಸ್ರಿ.”

“ಅಪ್ಪಾ, ಪೆಟ್ಟಿಗೇಲೇ ಗುಂಡಿ ಇದ್ಯಲ್ಲಾ, ನೀನೇ ಒತ್ತಬಾರ್ದಾ?” ಎಂದು ಮಾಲಾ ಕೇಳಿದ್ದಳು.

“ಅಳಿಯಂದ್ರು ಇಟ್ಟಿರೋದು, ಅವ್ರೇ ಒತ್ಬೇಕು. ನಾನು ಒತ್ತುದ್ರೆ ಅವ್ರಿಗೇನಮ್ಮಾ ಮರ್ಯಾದೆ?”

ಮರ್ಯಾದೆ ಅಂದರೆ ಹೀಗಿರಬೇಕು!

ಭಾನುವಾರ ಬಂತೆಂದರೆ ಈ ಪದ್ಧತಿಗೆ ಹರಳೆಣ್ಣೆಯೂ ಸೇರುತ್ತಿತ್ತು. ಅತ್ತೆ ವೆಂಕಟರತ್ನಮ್ಮನವರು ಗಂಡನಿಗೆ ನೆತ್ತಿಯಿಂದ ಅಂಗಾಲವರೆಗೆ ಹರಳೆಣ್ಣೆ ಮೆತ್ತುವರು. ಆವಲಪ್ಪನವರು ಸೀಗೆಪುಡಿಯ ಡಬ್ಬಿ ಹಿಡಿದು ತೋಟದ ಪೈಪಿನ ಬಾಯಿಗೆ ತಲೆಯೊಡ್ಡಿ ಕೂರುವರು. ಬಚ್ಚಲ ಚೊಂಬಿನ ನೀರಿಗೆ ಹರಳೆಣ್ಣೆ ಬಿಡುವುದಿಲ್ಲ, ಏಳೂವರೆ ಎಚ್‌ಪಿ ಹೊಡೆತಕ್ಕೇ ಬಿಡಬೇಕು ಎಂಬುದು ಅವರು ಜೀವನದಲ್ಲಿ ಕಂಡುಕೊಂಡ ಸತ್ಯ.

ಇರಲಿ. ಗುರುವಾರ ಸಂಜೆ ನರೇಂದ್ರ ಮೊದಲ ಅಭ್ಯಾಸ ಪರೀಕ್ಷೆಗೆ ಕೂತ. ಐವತ್ತು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ. ಬೆರಳು ದಪ್ಪ, ಅಕ್ಷರ ಸಣ್ಣ. ‘ಅ’ ಒತ್ತಿದರೆ ‘ಆ’ ಬೀಳುತ್ತಿತ್ತು. ಅರುವತ್ತೆರಡು ಬಂತು.

“ತೊಂಬತ್ತು ಅಂದಿದ್ರಿ?” ಎಂದಳು ಮಾಲಾ, ಹುರುಳಿಕಾಯಿ ಮುರಿಯುತ್ತಾ.

“ಇದು ಅಭ್ಯಾಸ ಕಣೇ. ಪೈಲ್ವಾನ್ ಅಖಾಡಕ್ಕೆ ಇಳಿಯೋ ಮುಂಚೆ ಮೈ ಮುರೀತಾನೆ ನೋಡು, ಹಾಗೆ.”

ಶುಕ್ರವಾರ ಅರುವತ್ನಾಲ್ಕು. ಶನಿವಾರ ಅರುವತ್ತಾರು. ಮೂರು ದಿನವೂ ಒಂದೇ ಒಂದು ಪ್ರಶ್ನೆ ಅವನ ಪಿತ್ತ ಕೆರಳಿಸಿತ್ತು. ‘ದೂರದಿಂದ ಮೋಟಾರು ಚಾಲೂ ಮಾಡುವ ಮುನ್ನ ತಂತ್ರಜ್ಞನು ಮೊದಲು ಮಾಡಬೇಕಾದುದೇನು?’ ಮೊದಲ ದಿನ ‘ವೋಲ್ಟೇಜ್ ನೋಡುವುದು’ ಎಂದು ಒತ್ತಿದ. ತಪ್ಪು! ಎರಡನೇ ದಿನ ಹಟಕ್ಕೆ ಬಿದ್ದು ಮತ್ತೆ ಅದನ್ನೇ ಒತ್ತಿದ. ತಪ್ಪು! ಮೂರನೇ ದಿನ ‘ಫ್ಯೂಸ್ ಪರೀಕ್ಷಿಸುವುದು’. ಅದೂ ತಪ್ಪು!

“ಇನ್ನೇನು ಉಳ್ದಿದೆ ಅದ್ರಲ್ಲಿ?” ಮಾಲಾ ಬಗ್ಗಿ ನೋಡಿ ಓದಿದಳು. “‘ಸ್ಥಳದಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವುದು.’ ಇದೇ ಇರ್ಬೇಕು ಕಣ್ರೀ.”

“ಥೂ! ಅದು ಉತ್ತರಾನಾ? ನೆಂಟ್ರ ಮನೆಗೆ ಫೋನ್ ಮಾಡ್ದಂಗೆ, ‘ಯಾರಿದೀರಪ್ಪಾ, ಊಟ ಆಯ್ತಾ’ ಅಂತ ಕೇಳ್ಕೊಂಡು ಮೋಟರ್ ಹಾಕ್ಬೇಕಾ? ಹದಿನೆಂಟು ವರ್ಷದ ಸರ್ವೀಸಲ್ಲಿ ಒಂದ್ಸಲಾನೂ ಕೇಳಿಲ್ಲ ನಾನು! ತಂತ್ರಜ್ಞರಿಗೇ ಅವಮಾನ ಇದು. ಆ ಆ್ಯಪೇ ಸರಿಯಿಲ್ಲ.”

“ಕುಣಿಯಲಾರದವಳಿಗೆ ನೆಲ ಡೊಂಕು” ಎಂದು ಮಾಲಾ ಹುರುಳಿಕಾಯಿಗೆ ಹೇಳಿದಳು.

ಆ ಸಂಜೆಯೇ ನರೇಂದ್ರ ಮಾವನಿಗೆ ಫೋನು ಮಾಡಿ ಅಪ್ಪಣೆ ಹೊರಡಿಸಿದ. “ಮಾವಾ, ನಾಳೆ ಹತ್ತರಿಂದ ಹನ್ನೆರಡರವರೆಗೆ ನಂಗೆ ಲ್ಯಾಬು. ಆಕಾಶ ಕಳಚಿ ಬಿದ್ರೂ ಫೋನ್ ಮಾಡ್ಬೇಡಿ.”

“ಆಗ್ಲಿ ಅಳಿಯಂದ್ರೇ. ನಿಮ್ ಪರೀಕ್ಷೆ ದೊಡ್ದು. ನನ್ ಎಣ್ಣೆ ಸ್ನಾನ ಹನ್ನೆರಡರ ಮೇಲೇ ಆಗ್ಲಿ ಬಿಡ್ರಿ” ಎಂದರು ಆವಲಪ್ಪನವರು. ದೇವರಂಥ ಮನುಷ್ಯ.

ಭಾನುವಾರ ಹತ್ತು ಗಂಟೆಗೆ ನರೇಂದ್ರ ತಾರಸಿ ಹತ್ತಿದ. ಸಿಗ್ನಲ್ ಚೆನ್ನಾಗಿ ಸಿಗುವುದು ನೀರಿನ ಟ್ಯಾಂಕಿನ ನೆರಳಿನಲ್ಲಿ. ಚಾಪೆ ಹಾಸಿದ. ಮೊಬೈಲನ್ನು ಇಟ್ಟಿಗೆಗೆ ಒರಗಿಸಿದ. ಬೀಗದ ಕೈಯನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. ಲ್ಯಾಬಿನ ಸೂಚನೆಗಳನ್ನು ಜೆರಾಕ್ಸ್ ಮಾಡಿಸಿ ತಂದಿದ್ದ: ಮೋಟಾರು ಚಾಲೂ ಮಾಡಿ, ಎರಡು ನಿಮಿಷ ಬಿಟ್ಟು ನಿಲ್ಲಿಸಿ, ಕರೆಂಟಿನ ಪ್ರಮಾಣ ಬರೆದುಕೊಳ್ಳಿ, ಹೀಗೆ ಹತ್ತು ಸಲ ಮಾಡಿ. ಲ್ಯಾಬಿನ ಮೋಟಾರಿಗೇನು, ಹತ್ತಲ್ಲ ನೂರು ಸಲ ಹಾಕಿ ಆರಿಸಿದರೂ ಸುಟ್ಟ ವಾಸನೆ ಬರುವುದಿಲ್ಲ.

ಲ್ಯಾಬು ತೆರೆಯಿತು. ‘ವಿದ್ಯುತ್ ಸರಬರಾಜಿಗಾಗಿ ಕಾಯಿರಿ’ ಎಂಬ ಅಕ್ಷರ, ಕೆಳಗೊಂದು ಸುತ್ತುವ ಚಕ್ರ. ಚಕ್ರ ಸುತ್ತಿತು. ಸುತ್ತಿತು. ಸುತ್ತುತ್ತಲೇ ಇತ್ತು. ಹತ್ತೂ ಇಪ್ಪತ್ತಕ್ಕೆ ಮೊಬೈಲಿನ ನೆತ್ತಿಯಿಂದ ಟಿಣ್ ಎಂದು ಒಂದು ಪಟ್ಟಿ ಇಳಿಯಿತು. ‘ಮೂರು ಫೇಸ್ ಕರೆಂಟ್ ಬಂದಿದೆ. ಮೋಟಾರು ಚಾಲೂ ಮಾಡುವುದೇ?’

“ಬಂತು!” ಎಂದು ನರೇಂದ್ರ ಅದರ ಮೇಲೆ ಬೆರಳಿಟ್ಟ. ಪರದೆ ಬದಲಾಯಿತು. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ, ನಡುವೆ ವೋಲ್ಟೇಜು, ಕರೆಂಟು. ಬುದ್ಧಿವಂತ ಓದುಗರಿಗೆ ಇದು ಯಾವ ಗುಂಡಿ ಎಂದು ಆಗಲೇ ಹೊಳೆದಿರುತ್ತದೆ. ಬುದ್ಧಿವಂತ ಮೇಷ್ಟರಿಗೆ ಹೊಳೆಯಲಿಲ್ಲ.

ಹಸಿರು ಒತ್ತಿದ. ಅಂಕಿಗಳು ಕುಣಿದವು.

“ಅಬ್ಬಬ್ಬಾ! ಮಾಲಾ, ಬಾರೇ ಇಲ್ಲಿ! ಎಂಥ ಲ್ಯಾಬು ಮಾಡಿದಾರೆ ನೋಡು! ವೋಲ್ಟೇಜು ನಮ್ಮೂರ ಕಡೆ ಥರಾನೇ ಮುನ್ನೂರ ಅರುವತ್ತು, ಮುನ್ನೂರ ಎಂಬತ್ತು ಅಂತ ಏರಿಳೀತಾ ಇದೆ! ಥೇಟು ನಿಜವಾದ ಮೋಟರ್!”

“ಒಲೆ ಮೇಲೆ ಸಾರಿದೆ, ನೀವೇ ನೋಡ್ಕೊಳ್ಳಿ” ಎಂದು ಕೆಳಗಿನಿಂದ ಉತ್ತರ ಬಂತು.

ಎರಡು ನಿಮಿಷ. ಕೆಂಪು. ಕರೆಂಟು ಬರೆದುಕೊಂಡ. ಹಸಿರು. ಎರಡು ನಿಮಿಷ. ಕೆಂಪು. ಮೂರನೇ ಸಲ ಕೆಂಪು ಒತ್ತಿದ್ದೇ ತಡ, ಫೋನು ಬಡಿದುಕೊಂಡಿತು. ‘ಮಾವ’. ನರೇಂದ್ರ ಕಟ್ ಮಾಡಿದ. ಮತ್ತೆ ‘ಮಾವ’. ಮತ್ತೆ ಕಟ್. ಆಮೇಲೆ ‘ಅತ್ತೆ’. ಅದೂ ಕಟ್. “ಆಕಾಶ ಬಿದ್ರೂ ಮಾಡ್ಬೇಡಿ ಅಂದಿದ್ದೆ” ಎಂದು ಗೊಣಗಿ ತಲೆಯೆತ್ತಿ ನೋಡಿದ. ಆಕಾಶ ಗಟ್ಟಿಯಾಗಿಯೇ ನಿಂತಿತ್ತು. ನಾಲ್ಕು, ಐದು, ಆರು. ಶಿಸ್ತು ಎಂದರೆ ನರೇಂದ್ರನ ಶಿಸ್ತು. ಒಂಬತ್ತನೇ ಸಲ ಹಸಿರು ಒತ್ತಿದಾಗ ಪರದೆಯ ತುಂಬ ಕೆಂಪು ಅಕ್ಷರಗಳು ಮೂಡಿದವು. ‘ಓವರ್‌ಲೋಡ್. ಮೋಟಾರು ಟ್ರಿಪ್ ಆಗಿದೆ. ಪೆಟ್ಟಿಗೆಯ ಬಳಿ ಹೋಗಿ ರೀಸೆಟ್ ಮಾಡಿ.’

“ಆಹಾ! ದೋಷಾನೂ ಸೃಷ್ಟಿ ಮಾಡುತ್ತೆ! ಈ ಲ್ಯಾಬ್ ಮಾಡಿದವನ ಕೈಗೆ ಚಿನ್ನದ ಕಡಗ ತೊಡಿಸ್ಬೇಕು!”

ಅಷ್ಟರಲ್ಲಿ ಮಾಲಾ ಧಡಧಡ ಮೆಟ್ಟಿಲು ಹತ್ತಿ ಬಂದಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಅವಳ ಫೋನು. “ಅಮ್ಮ ಅಳ್ತಾ ಇದಾಳೆ, ಮಾತಾಡಿ ಮೊದ್ಲು!”

ಸ್ಪೀಕರಿನಲ್ಲಿ ವೆಂಕಟರತ್ನಮ್ಮನವರ ದನಿ ತಾರಸಿಯನ್ನೇ ನಡುಗಿಸಿತು. “ಓರಿ ದೇವುಡಾ! ಅಳಿಯಂದ್ರೇ, ನಮ್ ಮೋಟ್ರಿಗೆ ಗಾಳಿ ಹಿಡ್ದೈತೆ! ತಾನೇ ಓಡ್ತದೆ, ತಾನೇ ನಿಲ್ತದೆ! ಒಂಬತ್ತು ಸಲ ಆಯ್ತು!”

“ಗಾಳಿನೂ ಇಲ್ಲ, ದೆವ್ವಾನೂ ಇಲ್ಲ ಅತ್ತೆ. ವೋಲ್ಟೇಜ್ ಏರಿಳಿತ ಇದ್ರೆ ಹಾಗಾಗುತ್ತೆ” ಎಂದ ನರೇಂದ್ರ, ಮೇಷ್ಟರ ಗತ್ತಿನಲ್ಲಿ. “ಎಷ್ಟು ಸಲ ಅಂದ್ರಿ?”

“ಒಂಬತ್ತು!”

ನರೇಂದ್ರ ತನ್ನ ಹಾಳೆ ನೋಡಿಕೊಂಡ. ಒಂಬತ್ತು ಸಾಲು ಬರೆದಿದ್ದ, ಕೊನೆಯದು ‘ಟ್ರಿಪ್’. ಮೊಬೈಲು ನೋಡಿದ. ಪರದೆಯ ಮೇಲ್ತುದಿಯಲ್ಲಿ, ಯುಗಾದಿಯಂದು ತಾನೇ ಕೈಯಾರೆ ಟೈಪಿಸಿದ ಹೆಸರು ಇತ್ತು. ‘ಆವಲಪ್ಪನವರ ತೋಟ.’

ಅವನು ಮಾಲಾಳ ಕೈಯಿಂದ ಫೋನು ಕಸಿದುಕೊಂಡ. “ಅತ್ತೇ... ಮಾವ ಎಲ್ಲಿದಾರೆ?”

“ಎಲ್ಲಿರ್ತಾರೆ? ಪೈಪಿನ ಕೆಳ್ಗೆ!”

ವೆಂಕಟರತ್ನಮ್ಮನವರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ: ಆವಲಪ್ಪನವರು ಮೈಗೆಲ್ಲ ಹರಳೆಣ್ಣೆ ಮೆತ್ತಿಸಿಕೊಂಡು ಹನ್ನೆರಡು ಗಂಟೆ ಆಗುವುದನ್ನೇ ಕಾಯುತ್ತಾ ತೋಟದ ಬದುವಿನಲ್ಲಿ ಕೂತಿದ್ದರು. ಹತ್ತೂ ಇಪ್ಪತ್ತಕ್ಕೇ ಪೈಪಿನಲ್ಲಿ ನೀರು ಭೋರೆಂದಿತು. “ನೋಡ್ದಾ ನಮ್ ಅಳಿಯನ್ನ! ಪರೀಕ್ಷೆ ಮಧ್ಯದಾಗೂ ಮಾವನ್ನ ನೆನೆಸ್ಕೊಂಡು ಮೋಟ್ರು ಹಾಕವ್ರೆ!” ಎಂದು ಹೆಂಡತಿಯ ಮುಂದೆ ಹೆಮ್ಮೆಪಟ್ಟು ಪೈಪಿಗೆ ತಲೆಯೊಡ್ಡಿದರು. ತಲೆ ನೆನೆಯಿತು, ನೀರು ನಿಂತಿತು. ಸೀಗೆಪುಡಿ ಹಚ್ಚಿಕೊಂಡರು. ನೀರು ಬಂತು. ಹಚ್ಚಿಕೊಂಡದ್ದು ಮುಖಕ್ಕಿಳಿಯುವಷ್ಟರಲ್ಲಿ ಮತ್ತೆ ನಿಂತಿತು. ಅಲ್ಲಿಂದ ಮುಂದೆ ಅವರು ಪೈಪಿನಿಂದ ಸರಿದರೆ ನೀರು ಬರುವುದು, ಕಣ್ಣುಜ್ಜುತ್ತಾ ಓಡಿ ಬಂದು ತಲೆಯಿಟ್ಟರೆ ನಿಲ್ಲುವುದು! ಅರ್ಧ ಗಂಟೆ ಹೀಗೇ. ಈಗ ಒಂದು ಹನಿಯೂ ಇಲ್ಲ.

“ಕಣ್ಣು ಉರಿ ಅಂತ ಬಡ್ಕೋತಾವ್ರೆ! ತಾವೇ ಪೆಟ್ಟಿಗೆ ಮುಟ್ಟಿ ಸರಿ ಮಾಡ್ತೀನಿ ಅಂತ ಎದ್ದು ಹೋಗ್ತಾವ್ರೆ ನೋಡಿ!”

“ಬೇಡಾ!!”

ನರೇಂದ್ರ ಕಿರುಚಿದ ರಭಸಕ್ಕೆ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ಅಂಕ, ಲ್ಯಾಬು, ಬೀಗದ ಕೈ ಎಲ್ಲ ಒಂದು ಕ್ಷಣ ಅವನ ತಲೆಯಿಂದ ಅಳಿಸಿಹೋದವು. ಒದ್ದೆ ಮೈ, ಒದ್ದೆ ಕೈ, ಮುಚ್ಚಿದ ಕಣ್ಣು, ಮೂರು ಫೇಸ್ ಕರೆಂಟು! “ಮಾವಾ! ಮುಟ್ಬೇಡಿ! ನನ್ನಾಣೆ, ಪೆಟ್ಟಿಗೆ ಮುಟ್ಬೇಡಿ! ಅತ್ತೆ, ಅವ್ರನ್ನ ಹಿಡ್ಕೊಳ್ಳಿ! ನಾನು ಬರೋವರೆಗೂ ಯಾರೂ ಅದರ ಹತ್ರ ಹೋಗ್ಬೇಡಿ!”

ದೂರದಿಂದ ಆವಲಪ್ಪನವರ ದನಿ ಕೇಳಿತು. “ಅಳಿಯಂದ್ರು ಇಟ್ಟಿರೋದು ನಾನ್ಯಾ‌ಕೆ ಮುಟ್ಲಿ ಬಿಡು, ಬತ್ತಾರಂತೆ.” ಅಷ್ಟು ಉರಿಯಲ್ಲೂ ಮರ್ಯಾದೆ!

ಮೊಬೈಲಿನಲ್ಲಿ ಅಸಲಿ ಲ್ಯಾಬಿನ ಪುಟ ಇನ್ನೂ ತೆರೆದೇ ಇತ್ತು. ‘ಅರ್ಧ ಗಂಟೆ ಕಾದು ಲ್ಯಾಬನ್ನು ಮುಚ್ಚಲಾಗಿದೆ. ಯಾವುದೇ ಚಟುವಟಿಕೆ ದಾಖಲಾಗಿಲ್ಲ. ಅಂಕ: 0. ಉಳಿದಿರುವ ಅವಕಾಶ: 1.’ ನರೇಂದ್ರ ಅದನ್ನು ನೋಡಿದ, ಜೇಬಿಗೆ ತುರುಕಿದ, ಬೈಕಿನ ಕಡೆ ಓಡಿದ. ಒಲೆ ಆರಿಸಿ, ಸೌಟು ಹಿಡಿದೇ ಮಾಲಾ ಹಿಂದೆ ಕೂತಳು.

ಬೈಕು ಮಂಚೇನಹಳ್ಳಿ ದಾರಿ ಹಿಡಿದದ್ದೇ ಅವಳ ಪ್ರವಚನ ಶುರುವಾಯಿತು.

“ಥೇಟು ನಿಜವಾದ ಮೋಟರ್ ಅಂದ್ರಲ್ಲಾ!”

“ಸುಮ್ನಿರೇ.”

“ಚಿನ್ನದ ಕಡಗ ಯಾರಿಗೆ ತೊಡಿಸ್ಬೇಕು ಅಂದ್ರಿ?”

“ಗಾಡಿ ಓಡಿಸ್ತಾ ಇದೀನಿ, ಮಾತಾಡಿಸ್ಬೇಡ.”

“ಆ ಹರಿತಾ ಹೇಳ್ಲಿಲ್ವಾ, ನೋಟಿಫಿಕೇಶನ್ ಆಫ್ ಮಾಡಿ ಅಂತ? ನೀವೇ ಬಂದು ನಗ್ತಾ ಹೇಳಿದ್ರಿ ನಂಗೆ!”

ಇದಕ್ಕೆ ಉತ್ತರವಾಗಿ ನರೇಂದ್ರ ಹಾರ್ನ್ ಹೊಡೆದ. ಎದುರಿಗೆ ಯಾರೂ ಇರಲಿಲ್ಲ.

ತೋಟದಲ್ಲಿ ಕಂಡ ದೃಶ್ಯವನ್ನು ಅವನು ಜನ್ಮದಲ್ಲಿ ಮರೆಯುವ ಹಾಗಿಲ್ಲ. ಆವಲಪ್ಪನವರು ಚಡ್ಡಿಯೊಂದರಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಮೈಮೇಲೆ ಹರಳೆಣ್ಣೆ, ಅದರ ಮೇಲೆ ಸೀಗೆಪುಡಿ, ಅದರ ಮೇಲೆ ಬಿಸಿಲು. ಎಲ್ಲ ಸೇರಿ ಅವರು ಈಗಷ್ಟೇ ಎಣ್ಣೆಗೆ ಬಿಡಲು ಸಿದ್ಧವಾದ ಬೋಂಡಾದ ಹಾಗೆ ಕಾಣುತ್ತಿದ್ದರು. ವೆಂಕಟರತ್ನಮ್ಮನವರು ಕುಡಿಯುವ ನೀರಿನ ಬಾಟಲಿಯಿಂದ ಹನಿ ಹನಿ ಬಿಟ್ಟು ಕಣ್ಣು ತೊಳೆಯುತ್ತಿದ್ದರು. ಪಕ್ಕದ ತೋಟದ ವೆಂಕಟರವಣಪ್ಪ ಆಗಲೇ ಬೇವಿನ ಸೊಪ್ಪು ಹಿಡಿದು ಮೋಟಾರಿನ ಗಾಳಿ ಬಿಡಿಸಲು ಬಂದು ನಿಂತಿದ್ದ.

ನರೇಂದ್ರ ಕೈ ಒರೆಸಿಕೊಂಡು, ಒಣ ಹಲಗೆಯ ಮೇಲೆ ನಿಂತು, ರೀಸೆಟ್ ಒತ್ತಿ ಮೋಟಾರು ಹಾಕಿದ. ನೀರು ಭೋರ್ಗರೆಯಿತು. ಹದಿನೆಂಟು ವರ್ಷ ಸರ್ವೀಸಿನ ಮೇಷ್ಟರು ಪ್ಯಾಂಟು ಮಡಚಿ, ನಡೆದದ್ದನ್ನೆಲ್ಲ ಒಪ್ಪಿಕೊಳ್ಳುತ್ತಾ ತಮ್ಮ ಕೈಯಾರೆ ಮಾವನ ಬೆನ್ನುಜ್ಜಿದರು. ಎಣ್ಣೆ ಬಿಡಲು ಮುಕ್ಕಾಲು ಗಂಟೆ ಹಿಡಿಯಿತು.

ಕಣ್ಣು ಬಿಡಲು ಬಂದ ಕೂಡಲೇ ಆವಲಪ್ಪನವರು ಅಳಿಯನನ್ನು ದಿಟ್ಟಿಸಿದರು. ಮಗಳ ಮದುವೆಯಾದ ಹದಿನೇಳು ವರ್ಷದಲ್ಲಿ ಮೊದಲ ಸಲ ಬಹುವಚನ ಕೈಬಿಟ್ಟರು. “ಏನಪ್ಪಾ ನರೇಂದ್ರಾ, ಗುಂಡಿ ಒತ್ತೋಕ್ ಮುಂಚೆ ‘ಮಾವಾ, ಅಲ್ಲಿದ್ದೀರಾ’ ಅಂತ ಒಂದು ಮಾತು ಕೇಳಿದ್ರೆ ನಿನ್ ಗಂಟೇನಾದ್ರೂ ಹೋಗ್ತಿತ್ತಾ?”

ನರೇಂದ್ರ ತಲೆ ತಗ್ಗಿಸಿದ. “ತಪ್ಪಾಯ್ತು ಮಾವಾ.” ಆ ಮಾತು ಮನಸ್ಸಿನಾಳದಿಂದಲೇ ಬಂತು.

ಮಾವನ ಕಣ್ಣುರಿ ತಗ್ಗಿ, ಎಲ್ಲರ ಊಟ ಮುಗಿಯುವ ಹೊತ್ತಿಗೆ ಗಂಟೆ ಎರಡೂವರೆ. ಮನೆಗೆ ಹೋಗಿ ಬರೆಯಲು ಹೊತ್ತಿರಲಿಲ್ಲ. ತೋಟದಲ್ಲೇ ಹುಣಸೆಮರದ ಕೆಳಗೆ ಗೋಣಿಚೀಲ ಹಾಸಿದರು. ನರೇಂದ್ರ ಮೊದಲು ಹರಿತಾಗೆ ಫೋನು ಮಾಡಿ, “ಅಮ್ಮಾ, ಆ ನೋಟಿಫಿಕೇಶನ್ನು ಎಲ್ಲಿ ಆಫ್ ಮಾಡೋದು?” ಎಂದು ಕೇಳಿದ. ಹರಿತಾ ಹೇಳಿಕೊಟ್ಟಳು, ನಗಲಿಲ್ಲ. ಆಮೇಲೆ ಉಳಿದ ಒಂದೇ ಅವಕಾಶದಲ್ಲಿ ಲ್ಯಾಬು ಸರಿಯಾಗಿ ಮುಗಿಯಿತು. ಪ್ರತಿ ಸಲ ಹಸಿರು ಒತ್ತಿದ ಕೂಡಲೇ ಅವನು ತಲೆಯೆತ್ತಿ ಮಾವನ ಪೈಪಿನಿಂದ ನೀರು ಬರುತ್ತಿಲ್ಲ ತಾನೇ ಎಂದು ನೋಡುತ್ತಿದ್ದ.

ನಾಲ್ಕು ಗಂಟೆಗೆ ನಿಜವಾದ ಪರೀಕ್ಷೆ ತೆರೆಯಿತು. ಕ್ಯಾಮೆರಾ ಅವನ ಮುಖ ನೋಡಿ ಒಪ್ಪಿಕೊಂಡಿತು, ಮರುಗಳಿಗೆಯೇ ಕೊಸರಾಡಿತು. ‘ಎಚ್ಚರಿಕೆ. ನಿಮ್ಮ ಹಿಂದೆ ಇನ್ನೊಬ್ಬ ವ್ಯಕ್ತಿ ಇದ್ದಾರೆ.’ ನರೇಂದ್ರ ತಿರುಗಿ ನೋಡಿದ. ತಲೆಗೆ ಟವೆಲು ಸುತ್ತಿಕೊಂಡ ಮಾವ ಇಣುಕುತ್ತಿದ್ದರು.

“ಮಾವಾ, ಸ್ವಲ್ಪ ಆಚೆ ಹೋಗಿ, ನೀವಿದೀರಾ ಅಂತ ಫೋನಿಗೆ ಗೊತ್ತಾಗ್ತಿದೆ.”

“ನೋಡ್ದಾ! ಅಂಗೈಯಗಲ ಫೋನಿಗೂ, ಹಿಂದೆ ಯಾರವ್ರೆ ಅಂತ ನೋಡೋ ಬುದ್ಧಿ ಐತೆ!” ಎಂದು ಆವಲಪ್ಪನವರು ದೂರ ಹೋಗಿ ಕೂತರು.

ಐವತ್ತು ಪ್ರಶ್ನೆ. ಬೆವರು ಸುರಿಯಿತು. ಕೆಲವಕ್ಕೆ ಉತ್ತರ ಗೊತ್ತಿತ್ತು, ಕೆಲವಕ್ಕೆ ಗೊತ್ತಿದೆ ಅಂದುಕೊಂಡಿದ್ದ. ನಲವತ್ತೇಳನೆಯ ಪ್ರಶ್ನೆಗೆ ಬಂದಾಗ ಅವನ ಬೆರಳು ನಿಂತಿತು. ‘ದೂರದಿಂದ ಮೋಟಾರು ಚಾಲೂ ಮಾಡುವ ಮುನ್ನ ತಂತ್ರಜ್ಞನು ಮೊದಲು ಮಾಡಬೇಕಾದುದೇನು?’

ವೋಲ್ಟೇಜು ಕೂಗಿ ಕರೆಯಿತು. ಫ್ಯೂಸು ಕಣ್ಣು ಮಿಟುಕಿಸಿತು. ನರೇಂದ್ರ ದೂರದಲ್ಲಿ ಕೂತ ಮಾವನ ಕಡೆ ನೋಡಿದ. ಅವರ ಎರಡೂ ಕಣ್ಣು ಇನ್ನೂ ಟೊಮೆಟೊ ಬಣ್ಣಕ್ಕಿದ್ದವು. ‘ಸ್ಥಳದಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುವುದು’ ಎಂಬುದರ ಮೇಲೆ ಮೆಲ್ಲಗೆ ಬೆರಳಿಟ್ಟ.

ಐದಕ್ಕೆ ಎಂಟು ನಿಮಿಷ ಇರುವಾಗ ಮುಗಿಸಿದ. ಚಕ್ರ ಸುತ್ತಿತು. ನಾಲ್ಕು ಜನ ಉಸಿರು ಬಿಗಿಹಿಡಿದು ಮೊಬೈಲಿನ ಸುತ್ತ ಬಗ್ಗಿದರು. ‘ಪಡೆದ ಅಂಕ: 70. ಉತ್ತೀರ್ಣ.’

“ಪಾಸು!” ಎಂದು ನರೇಂದ್ರ ಹಾರಿದ. ಸೊಂಟದಲ್ಲಿ ಬೀಗದ ಕೈ ಘಲ್ ಎನ್ನಬೇಕಿತ್ತು, ಎನ್ನಲಿಲ್ಲ. ಅದು ತಾರಸಿಯ ಮೇಲೇ ಉಳಿದಿತ್ತು. ಆದರೂ ಅವನ ಕಣ್ಣಲ್ಲಿ ನೀರು ಬಂತು, ಸೀಗೆಪುಡಿ ಇಲ್ಲದೆಯೇ.

“ಎಷ್ಟು ಬಂತು?” ಎಂದರು ಆವಲಪ್ಪನವರು.

“ಎಪ್ಪತ್ತು ಮಾವಾ!”

“ಪಾಸಿಗೆ ಎಷ್ಟು ಬೇಕಿತ್ತು?”

“...ಎಪ್ಪತ್ತು.”

“ಆ ಪ್ರಶ್ನೆ ಬಂದಿತ್ತಾ, ಯಾರಿದೀರಾ ಅಂತ ಕೇಳೋದು? ಮಾಲಾ ಹೇಳಿದ್ಲು.”

“ಬಂದಿತ್ತು ಮಾವಾ. ಸರಿ ಮಾಡಿದೆ.”

“ಅದಕ್ಕೆಷ್ಟು?”

“ಎರಡು.”

ಆವಲಪ್ಪನವರು ಬೆರಳು ಮಡಚಿ ಲೆಕ್ಕ ಹಾಕಿ, ಟವೆಲಿನಿಂದ ಮೀಸೆ ಒರೆಸಿಕೊಂಡರು. “ಅಂದ್ರೆ, ನನ್ ಕಣ್ಣು ಉರೀದೇ ಇದ್ದಿದ್ರೆ ಅಳಿಯಂದ್ರು ಫೇಲು.”

ಮೊಬೈಲು ಟಿಣ್ ಎಂದಿತು. ‘ಅಭಿನಂದನೆಗಳು. ಪ್ರಮಾಣಪತ್ರದಲ್ಲಿ ಮುದ್ರಿಸಬೇಕಾದ ಹೆಸರನ್ನು ನಮೂದಿಸಿ.’ ಅವನು ಉತ್ಸಾಹದಿಂದ ‘ನ’ ಒತ್ತಲು ಬೆರಳು ಚಾಚಿದ. ಮಾಲಾ ಸೌಟು ಅಡ್ಡ ಹಿಡಿದಳು.

“ತಡೀರಿ, ತಡೀರಿ. ತೊಂಬತ್ತಕ್ಕೆ ಒಂದು ಕಡಿಮೆ ಬಂದ್ರೂ ನನ್ ಹೆಸ್ರು ನರೇಂದ್ರ ಅಲ್ಲ ಅಂದಿದ್ರಲ್ಲಾ? ಇಪ್ಪತ್ತು ಕಡಿಮೆ ಬಂದಿದೆ. ಈಗ ಏನಂತ ಬರೀತೀರಾ?”

ನರೇಂದ್ರ ಬಾಯಿ ತೆರೆಯುವ ಮುಂಚೆಯೇ ಆವಲಪ್ಪನವರು ಗಂಭೀರವಾಗಿ ಹೇಳಿದರು.

“ಅದಕ್ಯಾಕಮ್ಮಾ ಅಷ್ಟು ಯೋಚ್ನೆ? ಆವಲಪ್ಪ ಅಂತ ಬರೀಲಿ. ಪಾಸಾಗಿರೋದು ನಾನು ತಾನೇ?”